ಮೊರದ ಮೇಲಿನ ಕರ್ನಾಟಕ

ಹುಲಿಕುಂಟೆಹಟ್ಟಿ, ವೇದಾವತಿ ದಂಡೆ
ಕ್ರಿ.ಶ. ೨೧೮೪, ಫೆಬ್ರವರಿ ೩೦

ಹೈಸ್ಕೂಲು ಪರೀಕ್ಷೆಯ ನಿಯಮಗಳನ್ನು ಬರೆಯುವ ಹಿಂದಿನ ಕಾಲದ ಮಹನೀಯರಿಗೆ ಪಾಲಯ್ಯನ ನಮಸ್ಕಾರಗಳು.

ತಾರೀಖು ನೋಡಿ ಬೆಚ್ಚಬೇಡಿ. ಫೆಬ್ರವರಿಗೂ ಮೂವತ್ತು ದಿನ ಕೊಟ್ಟು ನಲವತ್ತು ವರ್ಷವಾಯಿತು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಓದಿದ್ದು ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ. ಆದರೆ ಏಳನೆಯದನ್ನು ಎರಡು ಸಲ ಓದಿದ್ದರಿಂದ ಎಂಟನೆಯವರಿಗಿಂತ ಒಂದು ಕೈ ಮೇಲೆಂದು ಸುತ್ತ ಹತ್ತು ಹಳ್ಳಿಯವರು ಒಪ್ಪುತ್ತಾರೆ. ಒಪ್ಪದವರ ಹೆಸರು ಇಲ್ಲಿ ಬೇಡ.

ನಮ್ಮ ಹೈಸ್ಕೂಲು ನೋಡಿದರೆ ನೀವು ಹೊಟ್ಟೆ ಉರಿದುಕೊಳ್ಳುತ್ತೀರಿ. ಮೆಟ್ಟಿಲೇ ಇಲ್ಲ, ಗಾಲಿಕುರ್ಚಿಯ ಮಕ್ಕಳು ಇಳಿಜಾರಿನಲ್ಲಿ ಎಷ್ಟು ಜೋರಾಗಿ ಬರುತ್ತಾರೆಂದರೆ, ನಡೆದು ಹೋಗುವ ನಾವೇ ಗೋಡೆಗೆ ಅಂಟಿಕೊಳ್ಳಬೇಕು. ಬಾರಿಸುವ ಗಂಟೆಯ ಬದಲು ನೆಲಗಂಟೆ ಇದೆ, ಅಂದರೆ ಪಿರಿಯಡ್ಡು ಮುಗಿದಾಗ ನೆಲವೇ ಮೆಲ್ಲಗೆ ನಡುಗುತ್ತದೆ. ಕಿವಿ ಕೇಳದ ಮಕ್ಕಳಿಗೂ ಎಲ್ಲರ ಜೊತೆಗೇ ಬಿಡುವು ತಿಳಿಯುತ್ತದೆ. ಒಮ್ಮೆ ನಾನು ಜಗಲಿಯ ಮೇಲೆ ಕುಣಿದು ಎರಡು ತರಗತಿಗಳನ್ನು ಹತ್ತು ನಿಮಿಷ ಮೊದಲೇ ಬಿಡಿಸಿದ್ದೇನೆ. ಎಲ್ಲರೂ ಐದನೆಯ ತರಗತಿಯಿಂದಲೇ ಕೈಮಾತು ಕಲಿಯುವುದರಿಂದ, ಪಾಠದ ನಡುವೆ ಸದ್ದಿಲ್ಲದೆ ಹರಟುವ ವಿದ್ಯೆಯಲ್ಲಿ ನಮ್ಮ ಮಕ್ಕಳು ನಿಮ್ಮವರನ್ನು ಮೀರಿಸಿದ್ದಾರೆ. ಬರೆದದ್ದೆಲ್ಲ ಬೆರಳಿಗೆ ಸಿಗುವಂತೆ ಉಬ್ಬಿ ನಿಲ್ಲುವ ಕಾಗದಕ್ಕೆ ಏಳುಹಾಳೆ ಎನ್ನುತ್ತೇವೆ. ನನ್ನ ಅಕ್ಕನ ಮಗಳು ಮಾರಕ್ಕ ಓದುವುದು, ಬರೆಯುವುದು ಅದರಲ್ಲೇ. ಅವಳಿಗೆ ಹುಟ್ಟಿನಿಂದ ಕಣ್ಣು ಕಾಣದು, ಓದುತ್ತಿರುವುದು ಹತ್ತನೆಯ ತರಗತಿ, ಬುದ್ಧಿ ಸೋದರಮಾವನದು.

ಇಷ್ಟೆಲ್ಲ ಬದಲಾದರೂ ನಿಮ್ಮ ಕಾಲದ ಒಂದು ಸಾಲು ಪರೀಕ್ಷೆಯ ಪುಸ್ತಕದಲ್ಲಿ ಹಾಗೇ ಉಳಿದಿದೆ: ‘ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ನಕ್ಷೆ ಪ್ರಶ್ನೆಯಿಂದ ವಿನಾಯಿತಿ, ಐದಕ್ಕೆ ಐದು ಅಂಕ ಕೊಡತಕ್ಕದ್ದು.’ ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದೀರಿ, ಗೊತ್ತು. ಆದರೆ ಆ ಸಾಲಿನ ದೆಸೆಯಿಂದ ನಕ್ಷೆಯ ಪಿರಿಯಡ್ಡಿನಲ್ಲಿ ಮಾರಕ್ಕನನ್ನು ವಾಚನಾಲಯಕ್ಕೆ ಕಳಿಸುತ್ತಿದ್ದರು. ಅವಳಿಗೋ ಕಾಲುವೆ ವಿದ್ಯಾಲಯ ಸೇರಿ, ಊರೂರಿಗೆ ನೀರು ಹರಿಸುವ ಕೆಲಸ ಕಲಿಯುವ ಹಟ. ಅಲ್ಲಿ ಅಂಕಪಟ್ಟಿಯಲ್ಲಿ ನಕ್ಷೆಯ ಮುಂದೆ ‘ವಿನಾಯಿತಿ’ ಎಂದಿದ್ದರೆ ಬಾಗಿಲಿನಿಂದಲೇ ವಾಪಸ್ಸು.

ತಾನೂ ನಕ್ಷೆ ಬರೆಯುತ್ತೇನೆಂದು ಅವಳು ಭೂಗೋಳದ ಮೇಷ್ಟ್ರು ಓಬಳೇಶಪ್ಪನವರನ್ನು ಕೇಳಿದಳು. “ಪುಕ್ಸಟ್ಟೆ ಸಿಗೋ ಐದು ಮಾರ್ಕ್ಸ್ ಯಾಕ್ ಬಿಡ್ತೀಯಮ್ಮ?” ಎಂದರು. ಜೊತೆಗೆ ಹೋಗಿದ್ದ ನಾನು ಬಾಯಿ ಹಾಕಿದೆ. “ಒಂದ್ ವಾರ ಕೊಡಿ ಸಾ. ನಾನೇ ಕಲಿಸ್ತೀನಿ.”

“ನೀನಾ ಪಾಲಯ್ಯ? ಆಯ್ತಪ್ಪ, ಸೋಮವಾರ ಕರ್ಕೊಂಡ್ ಬಾ. ಐದ್ರಲ್ಲಿ ಮೂರು ಸರಿ ಮಾಡಿದ್ರೂ ಪರೀಕ್ಷೆಗೆ ಹೆಸರು ಕಳಿಸ್ತೀನಿ.”

ಮನೆಯ ಮೊರದ ಮೇಲೆ ಅಂಟು ಬಳಿದು ಇಡೀ ಕರ್ನಾಟಕವನ್ನೇ ಕೂರಿಸಿದೆ. ಗಡಿಗೆ ಹುರಿ, ನದಿಗೆ ದಾರ, ಬೆಟ್ಟಕ್ಕೆ ಕಡಲೆಕಾಳು, ಊರುಗಳಿಗೆ ಸಾಸಿವೆ. ದೇವರಾಣೆ, ಅಷ್ಟು ಚೆಂದದ ನಕ್ಷೆ ಸರ್ಕಾರದವರ ಕೈಯಲ್ಲೂ ಆಗಿಲ್ಲ. ನಮ್ಮೂರಿನ ಸರದಿ ಬಂದಾಗ ಮಾತ್ರ ಸಾಸಿವೆ ಇಡಲು ಮನಸ್ಸು ಒಪ್ಪಲಿಲ್ಲ. ದಪ್ಪನೆಯದೊಂದು ಹುಣಸೆಬೀಜ ಇಟ್ಟೆ. ಮಾರಕ್ಕ ಆರು ದಿನ ಬೆರಳಾಡಿಸಿ ಎಲ್ಲವನ್ನೂ ಮನದಟ್ಟು ಮಾಡಿಕೊಂಡಳು. ಆ ಬೀಜ ಯಾವ ಊರೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸೋಮವಾರ ಏಳುಹಾಳೆಯ ಮೇಲೆ ಗಡಿ, ಕೃಷ್ಣೆ, ಕಾವೇರಿ, ಪಶ್ಚಿಮಘಟ್ಟ ಎಲ್ಲ ಕರಾರುವಾಕ್ಕಾಗಿ ಬಂದವು. ಕೊನೆಗೆ ರಾಜಧಾನಿ ಗುರುತಿಸು ಎಂದರೆ, ಹುಡುಗಿ ಹುಲಿಕುಂಟೆಹಟ್ಟಿಯ ಮೇಲೆ ಚುಕ್ಕೆ ಇಟ್ಟಳು! ಎಲ್ಲಕ್ಕಿಂತ ದೊಡ್ಡ ಬೀಜವೇ ಬೆಂಗಳೂರೆಂದು ತಿಳಿದಿದ್ದಳು. ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಸೂರು ನೋಡಿದೆ.

“ಹೋಗ್ಲಿ ಬಿಡಮ್ಮ, ಐದೂ ಹಾಕ್ತೀನಿ,” ಎಂದರು ಮೇಷ್ಟ್ರು.

“ಬ್ಯಾಡ ಸಾ. ತಪ್ಪಾಗಿದ್ರೆ ಗೆರೆ ಎಳೀರಿ. ಎಲ್ರುದಕ್ಕೂ ಎಳೆಯಲ್ವಾ?”

ಅವರು ಗೆರೆ ಎಳೆದು, ನಾಲ್ಕು ಅಂಕ ಕೊಟ್ಟರು. ಉಬ್ಬಿದ ಆ ಗೆರೆಯನ್ನು ಮಾರಕ್ಕ ಮೂರು ನಾಲ್ಕು ಸಲ ಸವರಿದಳು. ನಕ್ಷೆಯಲ್ಲಿ ಅವಳಿಗೆ ಸಿಕ್ಕ ಮೊದಲ ತಪ್ಪು ಅದು. ಮುಖ ಅರಳಿತ್ತು. ಆಮೇಲೆ ನನ್ನ ಕಡೆ ತಿರುಗಿ, “ಮಾವ, ನೀನ್ ಅಂಟಿಸಿರೋದು ಭೂಗೋಳ ಅಲ್ಲ, ನಿನ್ ಜಂಬ,” ಎಂದಳು. ಎಲ್ಲರೂ ನಕ್ಕರು. ನಾನು ಸ್ವಲ್ಪ ಹೆಚ್ಚೇ ನಕ್ಕೆ.

ಕೊಟ್ಟ ಮಾತಿನಂತೆ ಮೇಷ್ಟ್ರು ಹೆಸರು ಕಳಿಸಿದರು. ಮೇಲಿನ ಕಚೇರಿಯಿಂದ ಉತ್ತರ ಬಂತು: ಆ ಸಾಲು ಹಿಂದಿನವರು ಬರೆದದ್ದು, ನಾವು ಮುಟ್ಟುವಂತಿಲ್ಲ, ಬರೆದವರೇ ಹೊಡೆದುಹಾಕಿದರೆ ನಮ್ಮ ಅಭ್ಯಂತರವಿಲ್ಲ. ಪರೀಕ್ಷೆಗೆ ಇನ್ನು ಹನ್ನೆರಡೇ ದಿನ. ಹಿಂದಿನ ಕಾಲಕ್ಕೂ ಕಾಗದ ಒಯ್ಯುವ ಅಂಚೆ ಈಗ ನಮ್ಮೂರಿಗೂ ಬಂದಿದೆ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಆ ಸಾಲು ಹೊಡೆದುಹಾಕಿ, ‘ಮುಟ್ಟಿ ತಿಳಿಯುವ ನಕ್ಷೆ ಕೊಡತಕ್ಕದ್ದು, ವಿನಾಯಿತಿ ಬೇಕೋ ಬೇಡವೋ ವಿದ್ಯಾರ್ಥಿಯನ್ನೇ ಕೇಳತಕ್ಕದ್ದು’ ಎಂದು ಬರೆಯಿರಿ.

ನೀವು ಅಲ್ಲಿ ಹೊಡೆದುಹಾಕಿದರೆ, ಇಲ್ಲಿ ಮಾರಕ್ಕ ಮೊದಲ ದಿನದಿಂದಲೂ ನಕ್ಷೆಯ ಪಿರಿಯಡ್ಡಿನಲ್ಲೇ ಕೂತಿರುತ್ತಾಳೆ. ಆಗ ಪಾಲಯ್ಯ ಕರ್ನಾಟಕ ಕಟ್ಟಿದ ಸಂಗತಿ ನಡೆದೇ ಇರುವುದಿಲ್ಲ. ನಾಲ್ಕು ಜನರ ಮುಂದೆ ಹೇಳಿಕೊಳ್ಳೋಣವೆಂದರೆ ನನಗೇ ನೆನಪಿರುವುದಿಲ್ಲ. ನನ್ನಂಥವನಿಗೆ ಇದು ಸಣ್ಣ ನಷ್ಟವಲ್ಲ ಸ್ವಾಮಿ.

ಆದರೂ ಹೊಡೆದುಹಾಕಿ.

ನಿಮ್ಮ ಮುಂದಿನವನು,
ಪಾಲಯ್ಯ