ಖಾಯಂ ವಿಳಾಸ

ಫೌಂಟನ್, ಕೊಲರಾಡೊ

ಮುಖ್ಯೋಪಾಧ್ಯಾಯಿನಿ ವಿಟ್ಲಾಕ್ ಅವರಿಗೆ,

ನೆನಪಿದೆಯೇ? ಕೆಲವು ವರ್ಷಗಳ ಹಿಂದೆ ಗಂಡನಿಗೆ ಇಲ್ಲಿನ ಸೇನಾ ದಂಡಿಗೆ ವರ್ಗವಾದಾಗ, ಮಗಳು ನಡೀನ್‌ಳನ್ನು ಸರ್ಕಾರದ ಹಣ, ಪರವಾನಗಿಯ ಮೇಲೆ ನಡೆಯುವ ನಿಮ್ಮ ಚಾರ್ಟರ್ ಶಾಲೆಗೆ ಸೇರಿಸಲು ಬಂದಿದ್ದೆ. ಬಡವರ, ಸೈನಿಕರ ಮಕ್ಕಳಿಗೆ ಮೊದಲ ಸೀಟು ಎಂದು ನಿಮ್ಮ ಬಾಗಿಲ ಮೇಲೇ ಬರೆದಿತ್ತು. ಕ್ವಾರ್ಟರ್ಸ್ ಸಿಗದೆ ನಾವಿನ್ನೂ ಮೋಟೆಲಿನಲ್ಲಿದ್ದೆವು.

"ಖಾಯಂ ವಿಳಾಸ ಎಲ್ಲಮ್ಮಾ? ಮಿಲಿಟ್ರಿಯೋರು ಇವತ್ತು ಬರ್ತೀರಾ, ನಾಳೆ ಗಂಟುಮೂಟೆ ಕಟ್ತೀರಾ. ಸುಮ್ನೆ ಸೀಟ್ ಯಾಕ್ ಹಾಳ್ಮಾಡ್ತೀರಾ?" ಎಂದು ಸೀಟು ಕೊಡದೆ ಕಳಿಸಿದಿರಿ, ಮಗಳೆದುರೇ.

ಶುಕ್ರವಾರ ನಿಮ್ಮ ಶಾಲೆಯ ಪರವಾನಗಿ ನವೀಕರಣಕ್ಕಾಗಿ ಜಿಲ್ಲಾ ಶಿಕ್ಷಣ ಮಂಡಳಿಯ ಸಭೆಯಿದೆ. ದಂಡಿನ ಹೆಂಗಸರೆಲ್ಲ ಓಟು ಹಾಕಿ ಆ ಮಂಡಳಿಗೆ ನನ್ನನ್ನು ಕಳಿಸಿದ್ದಾರೆ. ದಯವಿಟ್ಟು ನೀವೇ ಬನ್ನಿ. ಸೈನಿಕರ ಮಕ್ಕಳೆಷ್ಟು ಜನರನ್ನು ಸೇರಿಸಿಕೊಂಡಿರಿ ಎಂದಷ್ಟೇ ಕೇಳುತ್ತೇನೆ. ನಡೀನ್ ಮುಂದಿನ ಸಾಲಿನಲ್ಲಿರುತ್ತಾಳೆ.

ಗಂಡ ಸೇನೆಯಿಂದ ನಿವೃತ್ತನಾದ. ಇನ್ನು ಗಂಟುಮೂಟೆ ಯಾರು ಕಟ್ಟುತ್ತಾರೋ ನೋಡೋಣ.

ಇಂತಿ,
ಯೊಲಾಂಡಾ ಪ್ರೂಯಿಟ್
ಖಾಯಂ ವಿಳಾಸ: ನಿಮ್ಮ ಶಾಲೆಯ ಎದುರುಮನೆ