ಕೀಲಿ ಜೇಬಿನಲ್ಲೇ ಇತ್ತು

ಜುಲೈ ೧೪, ಮಂಗಳವಾರ. ಊಡ್ನಡಾಟ, ಮರುಭೂಮಿಯ ನಡುವಿನ ಊರು.

ಮಧ್ಯಾಹ್ನ ಜೀಪಿನ ಇಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿಕೊಂಡು ಊಟಕ್ಕೆ ಕೂತಿದ್ದೆ. ಬಾನೆಟ್ಟಿನಡಿಯಿಂದ ಹೊಗೆ ಬಂತು. ಆರಿಸಿದ್ದ ಗಾಡಿಯಿಂದ. ಬ್ಯಾಟರಿಯ ಕೊಂಡಿ ಕಿತ್ತದ್ದಕ್ಕೆ ಗಾಡಿ ಉಳಿಯಿತು.

ಫ್ರಿಜ್ಜಿಗೆ ಸದಾ ಕರೆಂಟಿರಲಿ ಎಂದು ಬ್ಯಾಟರಿಯಿಂದ ನೇರವಾಗಿ ನಾನೇ ವೈರ್ ಎಳೆದಿದ್ದೆ. ಫ್ಯೂಸನ್ನು ಬ್ಯಾಟರಿಯ ಪಕ್ಕ ಹಾಕದೆ, ಬದಲಾಯಿಸಲು ಸುಲಭವೆಂದು ಹಿಂದೆ ಫ್ರಿಜ್ಜಿನ ಬಳಿ ಹಾಕಿದ್ದೆ. ನಡುವಿನ ವೈರಿಗೆ ಕಾವಲೇ ಇರಲಿಲ್ಲ. ಈ ಮಣ್ಣುರಸ್ತೆಯ ಕುಲುಕಾಟಕ್ಕೆ ಅದು ತಗಡಿಗೆ ಉಜ್ಜಿ ಉಜ್ಜಿ ಸಿಪ್ಪೆ ಸುಲಿದಿದೆ. ಮೂವತ್ತು ವರ್ಷದ ಎಲೆಕ್ಟ್ರಿಷಿಯನ್ ಅಂತೆ ನಾನು.

ತಂಗಿ ಲೊರೇನ್‌ಳ ಗಾಡಿಗೂ ಹಾಗೇ ಎಳೆದುಕೊಟ್ಟಿದ್ದೆ. ಅವಳೀಗ ಇದೇ ರಸ್ತೆಯಲ್ಲಿ, ಇನ್ನೂರು ಮೈಲಿ ಮುಂದೆ. ಸಂಜೆಯಿಂದ ಸ್ಯಾಟಲೈಟ್ ಫೋನಿನಲ್ಲಿ ಒದ್ದಾಡಿ, ಒಂಬತ್ತಕ್ಕೆ ಸಿಕ್ಕಳು.

"ಏನಣ್ಣ, ನಿನ್ನ ವೈರಿಂಗ್ ಭಾರಿ ಗಟ್ಟಿ ಕಣೋ. ಬಿಯರು ಐಸ್ ಥರ ಇದೆ. ಮಕ್ಕಳು ಗಾಡೀಲೇ ಮಲಗಿದಾವೆ."

"ಲೊರೇನ್, ಮೊದಲು ಮಕ್ಕಳನ್ನ ಕೆಳಗಿಳಿಸು" ಎಂದೆ. ಎಷ್ಟು ಕೇಳಿಸಿತೋ, ಲೈನು ಸತ್ತಿತ್ತು.

ಈಗ ಹನ್ನೊಂದು. ಫೋನು ಎತ್ತುತ್ತಿಲ್ಲ. ಅವಳ ಬಿಯರು ತಣ್ಣಗಿರುವಷ್ಟು ಹೊತ್ತೂ ಆ ವೈರಿನಲ್ಲಿ ಕರೆಂಟು ಹರಿಯುತ್ತಲೇ ಇರುತ್ತದೆ.