ಸಿಗದ ಮರಿಯ ಕಥೆ

ಹುಮನಾಬಾದ, ಗುರುವಾರ

ಸಖುಬಾಯಿ ಅವರಿಗೆ ನಮಸ್ಕಾರ.

ಹೋದ ವರ್ಷ ನಿಮ್ಮ ಮಗಳು ಪೂನಂ ಕಳೆದುಹೋದ ಕುರಿಮರಿಯ ಕಥೆ ಬರೆದಿದ್ದಳು. ಕೊನೆಗೆ ನೀತಿ ಇಲ್ಲವೆಂದು ನಾನು ಕೆಂಪು ಗೀಟು ಎಳೆದೆ.

“ಮರಿ ಇನ್ನಾ ಸಿಕ್ಕಿಲ್ರಿ ಟೀಚರ್, ನೀತಿ ಹ್ಯಾಂಗ ಬರೀಲಿ?” ಅಂದಳು.

ಬೋರ್ಡಿನ ಮೇಲಿದ್ದ ‘ಹಿರಿಯರ ಮಾತು ಕೇಳಬೇಕು’ ಎಂಬ ಸಾಲನ್ನೇ ಬರೆಸಿ, ಹತ್ತಕ್ಕೆ ಹತ್ತು ಕೊಟ್ಟೆ. ಆಮೇಲೆ ಅವಳು ಬೋರ್ಡಿನಲ್ಲಿ ಇಲ್ಲದ ಒಂದು ಸಾಲನ್ನೂ ಬರೆಯಲಿಲ್ಲ. ಅದನ್ನು ನಾನು ಶಿಸ್ತು ಅಂದುಕೊಂಡೆ.

ಬಸವಕಲ್ಯಾಣದಿಂದ ವರ್ಗವಾಗಿ ಇಲ್ಲಿಗೆ ಬಂದ ಮೇಲೆ, ಬೋರ್ಡು ಖಾಲಿ ಬಿಟ್ಟೇ ಕಥೆ ಬರೆಸುತ್ತಿದ್ದೇನೆ. ಪೂನಂಳ ಆ ನೋಟ್‌ಬುಕ್ ರದ್ದಿಗೆ ಹಾಕಬೇಡಿ.

ಈ ಪತ್ರವನ್ನು ನಿಮಗೆ ಓದಿ ಹೇಳುತ್ತಿರುವವಳು ಅವಳೇ ಎಂದು ಗೊತ್ತು. ಓದುತ್ತಾ ಅವಳು ಇಲ್ಲಿ ಸ್ವಲ್ಪ ನಿಂತರೆ ಅವಸರ ಮಾಡಬೇಡಿ. ಮರಿ ಏನಾಯಿತೆಂದು ಅವಳ ಕೈಯಿಂದಲೇ ಬರೆಸಿ ಕಳಿಸಿ.

ನೀತಿ ಬೇಡ.

ಅವಳ ನಾಲ್ಕನೇ ತರಗತಿಯ ಟೀಚರ್,
ವಿದ್ಯಾವತಿ